ಹೋಟೆಲ್ ಬೋರ್ಡಿನ ಮೇಲೆ ಪರದೇಸಿ

ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬಾಡಿಗೆ ಮನೆ ಹುಡುಕುತ್ತಿದ್ದೆ. ಫೋನಿನಲ್ಲಿ ‘ಬನ್ನಿ’ ಅಂದಿದ್ದ ಮಾಲೀಕರೊಬ್ಬರು ಬಾಗಿಲಲ್ಲಿ ನನ್ನ ಮುಖ ನೋಡಿದರು. ಒಳಗಿದ್ದ ಹೆಂಡತಿಗೆ ಒಂದೇ ಶಬ್ದ ಹೇಳಿದರು: ‘ಕ್ಸೇನೋಸ್’. ಹೊರಗಿನವ ಅಂತ. ಆಮೇಲೆ ನನಗೆ, ಮನೆ ಬೇರೆಯವರಿಗೆ ಕೊಟ್ಟಾಯಿತು ಅಂದರು.

ರಾತ್ರಿ ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ‘ಪರದೇಸಿ ಹಾಂಗ ಅಲ್ಲಿ ಯಾಕ ಬಿದ್ದೀ? ಬಾ ವಾಪಸ್’ ಅಂದಳು ಅವ್ವ. ನಮ್ಮ ಕಡೆ ಪರದೇಸಿ ಅಂದರೆ ಬೇರೆ ದೇಶದವನೇ ಆಗಬೇಕಿಲ್ಲ, ಗೊತ್ತಲ್ವಾ? ಹೇಳೋರು ಕೇಳೋರು ಇಲ್ಲದವ. ಪಕ್ಕದ ಓಣಿಯವನೂ ಪರದೇಸಿ ಆಗಬಹುದು. ಆ ಮಾತಿನಲ್ಲಿ ಬೈಗುಳ ಇದೆ, ಅಯ್ಯೋ ಪಾಪ ಇದೆ. ಅಂಜಿಕೆ ಮಾತ್ರ ಇಲ್ಲ.

ಕ್ಸೇನೋಸ್ ಕಥೆ ಬೇರೆ. ಇಲ್ಲಿ ಹೋಟೆಲ್ ಬೋರ್ಡುಗಳ ಮೇಲೆಲ್ಲ ‘ಕ್ಸೆನೊದೊಹಿಯೊ’ ಅಂತ ಇರುತ್ತದೆ. ಕ್ಸೇನೋಸ್‌ಗಳನ್ನು ಬರಮಾಡಿಕೊಳ್ಳುವ ಜಾಗ ಅಂತ ಅರ್ಥ. ಹಳೆಯ ಗ್ರೀಕ್‌ನಲ್ಲಿ ಅಪರಿಚಿತನಿಗೂ ಅತಿಥಿಗೂ ಅದೊಂದೇ ಶಬ್ದ. ಅವರನ್ನು ಕಾಯುವುದು ಸಾಕ್ಷಾತ್ ಸ್ಯೂಸ್ ದೇವರ ಕೆಲಸ. ಹಾಗಂತ ಆಗಿನವರೆಲ್ಲ ದೇವರಂಥವರು ಅಂದುಕೊಳ್ಳಬೇಡಿ. ಸ್ಪಾರ್ಟಾ ಎಂಬ ಗ್ರೀಕ್ ನಗರದವರು ಹೊರಗಿನವರನ್ನು ಊರು ಬಿಡಿಸುತ್ತಿದ್ದರು, ಅದಕ್ಕೆ ‘ಕ್ಸೆನೆಲಾಸಿಯಾ’ ಎಂಬ ಹೆಸರೇ ಇತ್ತು. ನಾವು ಹಾಗೆ ಮಾಡೋದಿಲ್ಲ ಎಂದು ಅಥೆನ್ಸಿನ ನಾಯಕ ಪೆರಿಕ್ಲಿಸ್ ಭಾಷಣದಲ್ಲಿ ಎದೆ ತಟ್ಟಿಕೊಂಡ. ಅಪ್ಪ ಅವ್ವ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ ಎಂದು ಕ್ರಿ.ಪೂ. 451ರಲ್ಲಿ ಕಾನೂನು ತಂದವನೂ ಅವನೇ! ಅಲ್ಲಿ ನೆಲೆಸಿದ ಹೊರಗಿನವರು ತಲೆಗಂದಾಯ ಕಟ್ಟಬೇಕಿತ್ತು. ಮನೆ, ಹೊಲ ಕೊಳ್ಳುವ ಹಾಗಿರಲಿಲ್ಲ. ನನ್ನ ಮನೆ ಹುಡುಕಾಟ ಹೊಸದೇನಲ್ಲ ಬಿಡಿ.

ಆ ಹಳೆಯ ಗ್ರೀಕರಿಗೆ ಹೊರಗಿನವರನ್ನು ಅಟ್ಟುವುದಕ್ಕೆ ಶಬ್ದವಿತ್ತು. ಅಂಜುವುದಕ್ಕೆ ಗ್ರೀಕ್ ತುಂಡುಗಳಿಂದಲೇ ಶಬ್ದ ಕಟ್ಟಿದವರು ಬಹಳ ಕಾಲದ ಮೇಲೆ ಬಂದವರು. ಮೊದಲು ಒಂದೊಂದೇ ದೇಶ ಹಿಡಿದು ಕಟ್ಟಿದರು. ಅಮೆರಿಕದ ಥಾಮಸ್ ಜೆಫರ್ಸನ್ 1793ರಲ್ಲೇ ‘ಆಂಗ್ಲೋಫೋಬಿಯಾ’, ಅಂದರೆ ಇಂಗ್ಲಿಷರ ಅಂಜಿಕೆ, ಎಂದು ಬರೆದ. 1830ರ ದಶಕದಲ್ಲಿ ಇಂಗ್ಲೆಂಡಿನವರ ಬಾಯಲ್ಲಿ ‘ರಸ್ಸೋಫೋಬಿಯಾ’ ಬಂತು. ಎಲ್ಲ ಹೊರಗಿನವರನ್ನೂ ಒಂದೇ ಮೂಟೆಗೆ ಕಟ್ಟುವ ‘ಕ್ಸೆನೋಫೋಬಿಯಾ’ 19ನೇ ಶತಮಾನದ ಕೊನೆಯ ಹೊತ್ತಿನದು. ನಮ್ಮ ಹುಬ್ಬಳ್ಳಿ ಮಾರ್ಕೆಟ್ ಭಾಷೆಯಲ್ಲಿ ಹೇಳೋದಾದರೆ, ಮೊದಲು ಚಿಲ್ಲರೆ, ಆಮೇಲೆ ಹೋಲ್‌ಸೇಲ್. 2016ರಲ್ಲಿ ಡಿಕ್ಷನರಿ ಡಾಟ್ ಕಾಮ್‌ನವರು ಅದನ್ನೇ ವರ್ಷದ ಪದ ಅಂತ ಆರಿಸಿದರು. ಬ್ರಿಟನ್ ಯುರೋಪ್ ಒಕ್ಕೂಟ ಬಿಡಲು ಮತ ಹಾಕಿದ ವರ್ಷ ಅದು.

ಕೊನೆಗೆ ನನಗೂ ಮನೆ ಸಿಕ್ಕಿತು. ಕೆಳಗಿನ ಮನೆಯ ಅಜ್ಜಿಗೆ ನನ್ನ ಹೆಸರು ನಾಲಿಗೆಗೆ ಹತ್ತುವುದಿಲ್ಲ. ‘ಕ್ಸೇನೆ!’ ಎಂದು ಕೂಗಿ, ಹಿತ್ತಲ ನಿಂಬೆಹಣ್ಣು ಕೈಗೆ ತುರುಕುತ್ತಾಳೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವ್ವನ ಕಿವಿಗೂ ಬಿತ್ತು.

‘ಆಕಿ ನಿನಗ ಏನಂತ ಕರದಳೋ?’

‘ಬೀಗರ ಅಂದಳಬೇ,’ ಎಂದೆ.