ಡೋಣಿ ಹರಿದರೆ: ಲಾವಣಿ, ಪಾಲು ಮತ್ತು ಬಡ್ಡಿದರದ ಅದಲುಬದಲು

ನಮ್ಮ ಸೀಮೆಯಲ್ಲಿ ಹೊಲವನ್ನು ಮತ್ತೊಬ್ಬರ ಕೈಗೆ ಕೊಡುವ ರೀತಿ ಎರಡು. ಲಾವಣಿಗೆ ಹಾಕಿದರೆ ಯುಗಾದಿಯಿಂದ ಯುಗಾದಿಗೆ ಎಕರೆಗೆ ಇಷ್ಟು ರೊಕ್ಕ ಎಂದು ನಿಕ್ಕಿಯಾಗಿರುತ್ತದೆ. ಮಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಪಾಲಿಗೆ ಹಾಕಿದರೆ ರಾಶಿಯ ದಿನ ಕಣದಲ್ಲಿ ಬಿದ್ದದ್ದರಲ್ಲಿ ಅರ್ಧ. ಬೆಳೆ ಬಂದಷ್ಟು, ಧಾರಣೆ ಸಿಕ್ಕಷ್ಟು. ಡೋಣಿ ನಮ್ಮ ಕಡೆಯ ಹೊಳೆ. ವಿಜಯಪುರದ ಕಡೆ ಹುಟ್ಟಿದವರಿಗೆ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಮಾತು ಚಿಕ್ಕಂದಿನಿಂದ ಕಿವಿಗೆ ಬಿದ್ದಿರುತ್ತದೆ. ಎಲ್ಲರೂ ಅದರಲ್ಲಿ ಜೋಳವನ್ನು ಕೇಳುತ್ತಾರೆ. ನನ್ನಂಥ ಲೆಕ್ಕಪರಿಶೋಧಕನ ಕಿವಿಗೆ ಕೇಳುವುದು ‘ಹರಿದರೆ’ಯ ಕೊನೆಯಲ್ಲಿರುವ ‘ರೆ’. ಸಾಲದ ಕರಾರುಪತ್ರಗಳಲ್ಲಿ ‘ಫ್ಲೋಟಿಂಗ್ (ಏರಿಳಿಯುವ) ಬಡ್ಡಿದರ’ ಎಂಬ ಕಲಮು ಎರಡು ಪುಟಗಳಲ್ಲಿ ಹೇಳುವುದೂ ಆ ‘ರೆ’ಯನ್ನೇ.

ಬಡ್ಡಿದರದ ಸ್ವಾಪ್, ಅಂದರೆ ಅದಲುಬದಲು, ಎಂಬುದನ್ನು ನಾನು ಪುಸ್ತಕದಲ್ಲಿ ಓದುವ ಎಷ್ಟೋ ಮೊದಲು ನಮ್ಮ ಮನೆಯ ಬೇವಿನ ಗಿಡದ ಕೆಳಗೆ ನೋಡಿದ್ದೆ. ನನ್ನ ತಂದೆಯವರ ಎಂಟು ಎಕರೆ ಪಾಲಿಗಿತ್ತು. ದೊಡ್ಡಪ್ಪನವರ ಎಂಟು ಎಕರೆ ವರ್ಷಕ್ಕೆ 12,000 ರೂಪಾಯಿಗೆ ಲಾವಣಿಗಿತ್ತು. ಧಾರವಾಡದಲ್ಲಿ ನನ್ನ ಕಾಲೇಜು ಮತ್ತು ಹಾಸ್ಟೆಲಿನ ಶುಲ್ಕಕ್ಕೆ ತಂದೆಯವರಿಗೆ ಪ್ರತಿವರ್ಷ ಗೊತ್ತಾದ ಮೊತ್ತವೊಂದು ಬೇಕಿತ್ತು. ಅರಿವೆ ಅಂಗಡಿಯಿದ್ದ ದೊಡ್ಡಪ್ಪನವರಿಗೆ ಅಂಥ ತುರ್ತಿರಲಿಲ್ಲ, ಮೇಲಾಗಿ ಅವರಿಗೆ ಧಾರಣೆಯ ಮೇಲೆ ಒಂದು ಕಣ್ಣು ಯಾವಾಗಲೂ ಇತ್ತು. ಒಂದು ಯುಗಾದಿಯ ಸಂಜೆ ಅಣ್ಣತಮ್ಮಂದಿರು ಮಾತಾಡಿಕೊಂಡರು: ದೊಡ್ಡಪ್ಪ ವರ್ಷಕ್ಕೆ 12,000 ಕೊಡಬೇಕು, ತಂದೆಯವರು ತಮ್ಮ ಪಾಲಿನ ಜೋಳಕ್ಕೆ ಎಪಿಎಂಸಿ ಧಾರಣೆಯಲ್ಲಿ ಬೆಲೆ ಕಟ್ಟಿ ಅಷ್ಟನ್ನು ಅವರಿಗೆ ಕೊಡಬೇಕು. ಹೊಲಗಳು ಇದ್ದಲ್ಲೇ ಇದ್ದವು, ಪಾಲುದಾರನೂ ಬದಲಾಗಲಿಲ್ಲ. ಮೊದಲ ವರ್ಷ ಪಾಲಿನ ಬೆಲೆ 16,000 ಆಯಿತು. ತಂದೆಯವರು ವ್ಯತ್ಯಾಸದ 4,000 ಎಣಿಸಿ ಕೊಟ್ಟರು. ‘ನಮ್ಮ ಜ್ವಾಳದ ರೊಕ್ಕಾ ಅವರ ಮನಿಗ್ಯಾಕ?’ ಎಂದು ಅವ್ವ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮರುವರ್ಷ ಬರ ಬಿದ್ದು ಪಾಲು 7,000ಕ್ಕೆ ಇಳಿಯಿತು. ದೊಡ್ಡಪ್ಪ 5,000 ತಂದುಕೊಟ್ಟರು. ಎರಡೂ ವರ್ಷ ತಂದೆಯವರ ಕೈಯಲ್ಲಿ ಉಳಿದದ್ದು 12,000.

ಸ್ವಾಪ್ ಎಂದರೆ ಇಷ್ಟೇ. ಇಬ್ಬರು ಒಂದು ಮೊತ್ತವನ್ನು ಅಸಲೆಂದು ಹಿಡಿದುಕೊಳ್ಳುತ್ತಾರೆ. ಆ ಅಸಲು, ನಮ್ಮ ಹೊಲಗಳಂತೆ, ಲೆಕ್ಕಕ್ಕಷ್ಟೇ ಇರುತ್ತದೆ, ಯಾರಿಂದ ಯಾರಿಗೂ ಹೋಗುವುದಿಲ್ಲ. ಒಬ್ಬನು ಅದರ ಮೇಲೆ ನಿಗದಿತ ದರದ ಬಡ್ಡಿ ಕೊಡುತ್ತಾನೆ, ಇನ್ನೊಬ್ಬನು ಮಾರುಕಟ್ಟೆಯ ಜೊತೆ ಏರಿಳಿಯುವ ದರದ ಬಡ್ಡಿ ಕೊಡುತ್ತಾನೆ, ವಾಯಿದೆಯ ದಿನ ವ್ಯತ್ಯಾಸ ಮಾತ್ರ ಕೈ ಬದಲಿಸುತ್ತದೆ. ನಮ್ಮಲ್ಲಿ ರೂಪಾಯಿ ಬಡ್ಡಿದರದ ಸ್ವಾಪ್‌ಗಳಿಗೆ ರಿಸರ್ವ್ ಬ್ಯಾಂಕು ಅನುಮತಿ ಕೊಟ್ಟದ್ದು 1999ರಲ್ಲಿ. ಇಂದಿಗೂ ಹೆಚ್ಚು ನಡೆಯುವುದು ‘ಓವರ್‌ನೈಟ್ ಇಂಡೆಕ್ಸ್ ಸ್ವಾಪ್’ ಎಂಬ ಬಗೆ. ಬ್ಯಾಂಕುಗಳು ಒಂದು ರಾತ್ರಿಯ ಮಟ್ಟಿಗೆ ಪರಸ್ಪರ ಕೊಡುವ ಸಾಲದ ದರವಾದ ಮಿಬೋರ್ ಅದರ ಏರಿಳಿತದ ಅಳತೆಗೋಲು. ದಿನದಿನದ ಮಿಬೋರನ್ನು ಚಕ್ರಬಡ್ಡಿಯಾಗಿ ಕೂಡಿಸುತ್ತ ಹೋಗಿ, ಒಂದು ವರ್ಷಕ್ಕಿಂತ ದೀರ್ಘವಾದ ಕರಾರುಗಳಲ್ಲಿ ಆರು ತಿಂಗಳಿಗೊಮ್ಮೆ ವ್ಯತ್ಯಾಸ ತೀರಿಸುತ್ತಾರೆ.

ಈಗ ನನ್ನ ಕಕ್ಷಿದಾರರೊಬ್ಬರ ಲೆಕ್ಕಕ್ಕೆ ಬರುತ್ತೇನೆ. ಹೆಸರು ಬೇಡ, ಗೌಡರೆನ್ನೋಣ. ಅವರು 2021ರಲ್ಲಿ ಒಣದ್ರಾಕ್ಷಿಗೆಂದು ಕೋಲ್ಡ್ ಸ್ಟೋರೇಜ್ ಕಟ್ಟಿಸಿದರು. ಸಾಲ 6 ಕೋಟಿ, ದರ ರೆಪೋ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಮೇಲೆ ಶೇ. 3.50. ಆಗ ರೆಪೋ ಶೇ. 4.00 ಇದ್ದುದರಿಂದ ಸಾಲದ ದರ ಶೇ. 7.50, ವರ್ಷದ ಬಡ್ಡಿ 45 ಲಕ್ಷ, ತಿಂಗಳಿಗೆ 3.75 ಲಕ್ಷ. ಲೆಕ್ಕ ಸರಳವಾಗಿರಲೆಂದು ಅಸಲಿನ ಕಂತುಗಳನ್ನು ಇಲ್ಲಿ ಬದಿಗಿಟ್ಟಿದ್ದೇನೆ. ‘ಬಡ್ಡಿ ಇನ್ನೆಷ್ಟು ಏರೀತು ಗೌಡ್ರ, ಫ್ಲೋಟಿಂಗೇ ಇರಲಿ’ ಎಂದು ಹೇಳಿದವನು ನಾನೇ. 2022ರ ಮೇ 4ರಂದು, ನಿಗದಿತ ಸಭೆಗೂ ಕಾಯದೆ, ರಿಸರ್ವ್ ಬ್ಯಾಂಕು ರೆಪೋ ದರವನ್ನು ಶೇ. 4.40ಕ್ಕೆ ಏರಿಸಿತು. ಜೂನಿನಲ್ಲಿ 4.90, ಆಗಸ್ಟಿನಲ್ಲಿ 5.40, ಸೆಪ್ಟೆಂಬರಿನಲ್ಲಿ 5.90, ಡಿಸೆಂಬರಿನಲ್ಲಿ 6.25, 2023ರ ಫೆಬ್ರುವರಿಯಲ್ಲಿ 6.50ಕ್ಕೆ ಹೋಗಿ ನಿಂತಿತು. ರೆಪೋದಂಥ ಬಾಹ್ಯ ಮಾನದಂಡಕ್ಕೆ ಜೋಡಿಸಿದ ಸಾಲಗಳ ದರವನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಬ್ಯಾಂಕು ಮರುನಿಗದಿ ಮಾಡಬೇಕಾದ್ದರಿಂದ, ಈ ಏರಿಕೆಗಳು ಮೆಟ್ಟಿಲು ಮೆಟ್ಟಿಲಾಗಿ ಗೌಡರ ಖಾತೆಯನ್ನು ಮುಟ್ಟಿದವು. ವರ್ಷ ಕಳೆಯುವಷ್ಟರಲ್ಲಿ ದರ ಶೇ. 10, ತಿಂಗಳ ಬಡ್ಡಿ 5 ಲಕ್ಷ.

ತಪ್ಪು ನನ್ನದಾದ್ದರಿಂದ, ಒಂದು ಭಾನುವಾರ ಕುಳಿತು, 2021ರಲ್ಲೇ ಸ್ವಾಪ್ ಮಾಡಿಕೊಂಡಿದ್ದರೆ ಏನಾಗುತ್ತಿತ್ತೆಂದು ಕಾಗದದ ಮೇಲೆ ಬರೆದೆ. 6 ಕೋಟಿಯ ಲೆಕ್ಕದ ಅಸಲಿನ ಮೇಲೆ ಗೌಡರು ಶೇ. 5.25 ನಿಗದಿತ ದರ ಕೊಟ್ಟು, ರೆಪೋಗೆ ಸಮನಾದ ಏರಿಳಿಯುವ ದರ ಪಡೆಯುತ್ತಾರೆಂದು ಇಟ್ಟುಕೊಂಡೆ. ರೆಪೋ 4.00 ಇದ್ದಾಗ ಅವರು ಶೇ. 1.25ರಂತೆ ವರ್ಷಕ್ಕೆ 7.5 ಲಕ್ಷ ಕೈಯಿಂದ ಕೊಡಬೇಕು. ಸಾಲದ ಬಡ್ಡಿ 45 ಲಕ್ಷ ಸೇರಿ 52.5 ಲಕ್ಷ. ರೆಪೋ 6.50 ಆದಾಗ ಸಾಲದ ಬಡ್ಡಿ 60 ಲಕ್ಷ, ಆದರೆ ಸ್ವಾಪಿನಿಂದ 7.5 ಲಕ್ಷ ಅವರಿಗೇ ಬರುತ್ತದೆ, ಮತ್ತೆ 52.5 ಲಕ್ಷ. ರೆಪೋ ಎಲ್ಲಿಗಾದರೂ ಹೋಗಲಿ, ಒಟ್ಟು ದರ ಶೇ. 8.75. ಗೌಡರು ಕಾಗದವನ್ನು ಬಹಳ ಹೊತ್ತು ನೋಡಿ, ‘ಸಾಹೇಬ್ರ, ಮೊದಲನೇ ವರ್ಷ ಸುಮ್ಮನ ಏಳೂವರಿ ಲಕ್ಷ ಕೊಡೂದಂದ್ರ ನಾ ನಿಮ್ಮ ಆಫೀಸ್ ಬದಲಿ ಮಾಡತಿದ್ನಿ’ ಎಂದರು. ಅದು ನಿಜ. ನಮ್ಮ ಅವ್ವ ಎರಡು ದಿನ ಮುನಿಸಿಕೊಂಡಿದ್ದಳು, ಗೌಡರು ನನ್ನನ್ನೇ ಬಿಡುತ್ತಿದ್ದರು.

ಆದರೆ ಆ ಕಾಗದದಲ್ಲಿ ನಾನು ಬರೆದದ್ದು ಪಾಠದ ಲೆಕ್ಕ, ಪೇಟೆಯ ಲೆಕ್ಕವಲ್ಲ. ಸಾಲ ಜೋಡಿಸಿರುವುದು ರೆಪೋಗೆ, ಸ್ವಾಪ್ ಜೋಡಿಸಿರುವುದು ಮಿಬೋರ್‌ಗೆ. ಸಾಮಾನ್ಯವಾಗಿ ಇವೆರಡು ಹತ್ತಿರದಲ್ಲೇ ಇರುತ್ತವೆಂದು ಹೇಳುವುದುಂಟು. ಆದರೆ ಕೋವಿಡ್ ಕಾಲದಲ್ಲಿ ಬ್ಯಾಂಕುಗಳ ಬಳಿ ಹಣ ಉಕ್ಕಿ ಹರಿಯುತ್ತಿದ್ದಾಗ, 2021ರಲ್ಲಿ, ಒಂದು ರಾತ್ರಿಯ ದರ ರೆಪೋದ 4.00ರ ಬಳಿಯಿರದೆ, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿಡುವ ಹಣಕ್ಕೆ ಸಿಗುವ ದರವಾದ ರಿವರ್ಸ್ ರೆಪೋದ 3.35ರ ಆಸುಪಾಸಿಗೆ ಇಳಿದಿತ್ತು. ಅಂದರೆ ಸ್ವಾಪ್ ಮಾಡಿಕೊಂಡಿದ್ದರೆ ಗೌಡರು ಸಾಲಕ್ಕೆ 4.00ರ ಲೆಕ್ಕದಲ್ಲಿ ಕಟ್ಟುತ್ತ, ಸ್ವಾಪಿನಲ್ಲಿ 3.35ರ ಲೆಕ್ಕದಲ್ಲಿ ಪಡೆಯುತ್ತಿದ್ದರು. ಆ 0.65ರ ಅಂತರ 6 ಕೋಟಿಗೆ ವರ್ಷಕ್ಕೆ 3.9 ಲಕ್ಷ; ಒಟ್ಟು ದರ 8.75ರ ಬದಲು 9.40. ಇದನ್ನು ಬೇಸಿಸ್ ರಿಸ್ಕ್ ಎನ್ನುತ್ತಾರೆ. ಇದೂ ನಮ್ಮ ಮನೆಯಲ್ಲಿ ಆಗಿತ್ತು. ಮೂರನೆಯ ವರ್ಷ ರಾಶಿಯ ಹೊತ್ತಿಗೆ ಅಕಾಲದ ಮಳೆ ಸುರಿದು ಜೋಳ ಕಪ್ಪಾಯಿತು. ಮಾತಾಗಿದ್ದದ್ದು ಎಪಿಎಂಸಿಯ ಒಳ್ಳೆಯ ಮಾಲದಂಡಿ ಜೋಳದ ಧಾರಣೆ. ಆ ಲೆಕ್ಕದಲ್ಲಿ ಪಾಲು 14,000. ನಮ್ಮ ಕಪ್ಪು ಜೋಳಕ್ಕೆ ಸಿಕ್ಕಿದ್ದು 10,000. ತಂದೆಯವರು ಅದರಲ್ಲೇ 2,000 ಅಣ್ಣನಿಗೆ ಕೊಟ್ಟು, 8,000 ಇಟ್ಟುಕೊಂಡು, ಉಳಿದದ್ದಕ್ಕೆ ಸಾಲ ಮಾಡಿ ನನ್ನ ಶುಲ್ಕ ಕಟ್ಟಿದರು. ಕಾಪಾಡಿಕೊಳ್ಳಲೆಂದು ಮಾಡಿಕೊಂಡ ಕರಾರೇ ಆ ವರ್ಷ ಅವರಿಗೆ ಹೊರೆಯಾಯಿತು.

ಪಠ್ಯಪುಸ್ತಕಗಳು ನಗದು ಹರಿವಿನ ಅಪಾಯವೆಂದರೆ ಬಡ್ಡಿ ಹೆಚ್ಚಾಗುವುದು ಎಂಬಂತೆ ಬರೆಯುತ್ತವೆ. ಗೌಡರ ಗೋದಾಮಿನಲ್ಲಿ ಅರ್ಧ ಗಂಟೆ ನಿಂತರೆ ಅದು ಅರ್ಧ ಸತ್ಯವೆಂದು ಗೊತ್ತಾಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಾಗಿಲ ಮುಂದೆ ಟೆಂಪೋಗಳ ಸಾಲು. ಹದಿನೈದು ಕಿಲೋದ ಬಾಕ್ಸುಗಳು ಒಂದರ ಮೇಲೊಂದು ಛಾವಣಿ ಮುಟ್ಟುವವರೆಗೆ ಏರುತ್ತವೆ. ಬಾಗಿಲು ತೆರೆದಾಗ ತಣ್ಣನೆಯ ಗಾಳಿಯ ಜೊತೆ ಸಿಹಿ ವಾಸನೆ ಮುಖಕ್ಕೆ ಬಡಿಯುತ್ತದೆ. ನೋಡುವವರಿಗೆ ಇದು ಸುಗ್ಗಿ. ಆದರೆ ಬಾಡಿಗೆ ಬರುವುದು ಬಾಕ್ಸು ಒಳಗೆ ಬಂದಾಗಲ್ಲ, ಹೊರಗೆ ಹೋದಾಗ. ಧಾರಣೆ ಚೆನ್ನಾಗಿದ್ದರೆ ರೈತರು ಬೇಗ ಬಿಡಿಸಿಕೊಳ್ಳುತ್ತಾರೆ; ಧಾರಣೆ ಬಿದ್ದರೆ ‘ಇನ್ನೆರಡು ತಿಂಗಳು ನೋಡೂಣು’ ಎಂದು ಮುಂದೂಡುತ್ತಾರೆ. ಗೋದಾಮು ತುಂಬಿರುತ್ತದೆ, ಕಂಪ್ರೆಸರ್ ಹಗಲುರಾತ್ರಿ ಓಡುತ್ತಿರುತ್ತದೆ, ಕರೆಂಟ್ ಬಿಲ್ಲು ಮತ್ತು ಬಡ್ಡಿ ತಿಂಗಳು ತಪ್ಪದೆ ಬರುತ್ತವೆ, ಕೈಗೆ ಮಾತ್ರ ರೊಕ್ಕವಿಲ್ಲ. ಲಾಭ-ನಷ್ಟದ ಪಟ್ಟಿಯಲ್ಲಿ ಬಾಡಿಗೆಯ ಆದಾಯವೆಂದು ನಾನು ಬರೆದ ಅಂಕಿ, ಬ್ಯಾಂಕು ಕಂತು ಕೇಳುವ ದಿನ ಬಾಕ್ಸುಗಳ ರೂಪದಲ್ಲಿ ತಣ್ಣಗೆ ಕುಳಿತಿರುತ್ತದೆ. ಈ ಕಾಲವ್ಯತ್ಯಾಸವನ್ನು ಯಾವ ಸ್ವಾಪೂ ಸರಿಪಡಿಸುವುದಿಲ್ಲ. ಸಾಲದ ಬಡ್ಡಿ ಪ್ರತಿ ತಿಂಗಳು ಹೋಗಿ, ಸ್ವಾಪಿನ ವ್ಯತ್ಯಾಸ ಆರು ತಿಂಗಳಿಗೊಮ್ಮೆ ಬಂದರೆ ಹೊಂದಿಸುವ ಕೆಲಸ ಇನ್ನೂ ಒಂದು ಕೈ ಹೆಚ್ಚಾಗುತ್ತದೆ.

ಸ್ವಾಪಿನ ಇನ್ನೊಂದು ಮುಖವನ್ನು ಅದನ್ನು ಮಾರುವವರು ಸಣ್ಣ ಅಕ್ಷರದಲ್ಲಿ ಹೇಳುತ್ತಾರೆ. ಸ್ವಾಪ್ ಅಪಾಯವನ್ನು ಇಲ್ಲವಾಗಿಸುವುದಿಲ್ಲ, ಜಾಗ ಬದಲಿಸುತ್ತದೆ. ಕಟ್ಟುವ ಹಣ ಸ್ಥಿರವಾದ ಕ್ಷಣದಿಂದ ಆ ಕರಾರಿನ ಬೆಲೆಯೇ ಏರಿಳಿಯತೊಡಗುತ್ತದೆ. 6 ಕೋಟಿಗೆ ಶೇ. 6.50 ನಿಗದಿ ಮಾಡಿಕೊಂಡವನಿಗೆ ಇನ್ನೂ ಎರಡು ವರ್ಷ ಬಾಕಿಯಿರುವಾಗ ಪೇಟೆಯ ದರ 5.50ಕ್ಕೆ ಇಳಿದಿದೆ ಎನ್ನೋಣ. ಆಗ ಅವನು ಸಾಲ ತೀರಿಸಿ ಸ್ವಾಪಿನಿಂದಲೂ ಹೊರಬರಬೇಕೆಂದರೆ ವರ್ಷಕ್ಕೆ 6 ಲಕ್ಷದಂತೆ ಎರಡು ವರ್ಷದ್ದನ್ನು ಇಂದಿನ ಬೆಲೆಗೆ ಇಳಿಸಿ, ಸುಮಾರು 11 ಲಕ್ಷ ಕೊಟ್ಟು ಬರಬೇಕು. ಸಾಲ ತೀರಿದರೆ ಸ್ವಾಪ್ ತಾನಾಗಿ ತೀರುವುದಿಲ್ಲ, ಅದು ಬೇರೆಯೇ ಕರಾರು. ಇಂಗ್ಲೆಂಡಿನಲ್ಲಿ ಸಣ್ಣ ಉದ್ದಿಮೆದಾರರು ಇದನ್ನು ಕಲಿತದ್ದು 2009ರ ಮಾರ್ಚಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ದರ ಶೇ. 0.5ಕ್ಕೆ ಇಳಿದ ಮೇಲೆ. ಅವರಿಗೆ ಸರಿಯಾಗಿ ವಿವರಿಸದೆ ಇಂಥ ಕರಾರುಗಳನ್ನು ಮಾರಿದ್ದಕ್ಕಾಗಿ ಬ್ಯಾಂಕುಗಳು ಕೊನೆಗೆ ಸುಮಾರು 220 ಕೋಟಿ ಪೌಂಡ್ ಪರಿಹಾರ ಕೊಟ್ಟವು. ಇದರ ತಿರುವು ಮುರುವು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು: ದೀರ್ಘಾವಧಿಯ ಬಾಂಡುಗಳನ್ನು ತುಂಬಿಕೊಂಡು, ಅವುಗಳಿಗೆ ರಕ್ಷಣೆಯಾಗಿದ್ದ ಸ್ವಾಪ್‌ಗಳನ್ನು 2022ರಲ್ಲಿ ಬಹುಮಟ್ಟಿಗೆ ಬಿಟ್ಟುಕೊಟ್ಟು, ದರ ಏರಿ ಬಾಂಡುಗಳ ಬೆಲೆ ಕುಸಿದ ಮೇಲೆ, 2023ರ ಮಾರ್ಚ್ 10ರಂದು ಬಾಗಿಲು ಹಾಕಿತು. ಒಂದೇ ಸಾಧನವನ್ನು ಇಟ್ಟುಕೊಂಡವರು ಕೆಲವರು, ಬಿಟ್ಟವರು ಕೆಲವರು ಕೆಟ್ಟರು.

ಕಾಗದದ ಬಗ್ಗೆಯೂ ಒಂದು ಮಾತು. ನಮ್ಮ ಲಾವಣಿ, ಪಾಲು ಎಲ್ಲ ಬಾಯಿಮಾತಿನವು. ಭೂಸುಧಾರಣೆಯ ನಂತರ ಗೇಣಿ ಎಂಬುದೇ ಕಾನೂನಿನಲ್ಲಿಲ್ಲವಾದ್ದರಿಂದ ಬರೆದಿಡುವವರು ಯಾರು? ಲಂಡನ್ನಿನ ಹ್ಯಾಮರ್‌ಸ್ಮಿತ್ ಮತ್ತು ಫುಲ್ಹಮ್ ನಗರಸಭೆ ಮಾತ್ರ ಬ್ಯಾಂಕುಗಳ ಜೊತೆ ಮಾಡಿಕೊಂಡ ಸ್ವಾಪ್‌ಗಳನ್ನೆಲ್ಲ ಬರೆದೇ ಇಟ್ಟಿತ್ತು. ಆದರೂ ನಗರಸಭೆಗೆ ಸ್ವಾಪ್ ಮಾಡುವ ಅಧಿಕಾರವೇ ಇರಲಿಲ್ಲವೆಂದು 1991ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತು, ಎದುರಿನ ಬ್ಯಾಂಕುಗಳು ಬೆಲೆಯಿಲ್ಲದ ಕರಾರು ಹಿಡಿದುಕೊಂಡು ನಿಂತವು. ಬೇವಿನ ಗಿಡದ ಕೆಳಗಿನ ಕರಾರು ಒಂದು ದಿನವೂ ಮುರಿಯಲಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

2023ರಲ್ಲಿ ದರ ಎಲ್ಲಕ್ಕಿಂತ ಮೇಲಿದ್ದಾಗ ಗೌಡರು ‘ಈಗರೇ ಫಿಕ್ಸ್ ಮಾಡಸೂಣ್ರಿ’ ಎಂದರು. ನಾನು ಬೇಡವೆಂದೆ. ಅವರ ಗಾತ್ರದ ಸಾಲಗಾರನಿಗೆ ಬ್ಯಾಂಕು ಸ್ವಾಪ್ ಕೊಡುವುದೇ ಅಪರೂಪ; ಕೊಟ್ಟರೂ ಅದಕ್ಕೆ ಪ್ರತ್ಯೇಕ ಮಿತಿ, ಪ್ರತ್ಯೇಕ ಕರಾರು, ಪ್ರತ್ಯೇಕ ಭದ್ರತೆ. ಅದರ ಬದಲು ಬಾಡಿಗೆಯ ಪದ್ಧತಿಯನ್ನು ಬದಲಿಸಿದೆವು: ಬಾಕ್ಸು ಒಳಗೆ ಬರುವಾಗ ಅರ್ಧ ಬಾಡಿಗೆ, ಹೊರಗೆ ಹೋಗುವಾಗ ಇನ್ನರ್ಧ. ರೈತರು ಗೊಣಗಿದರು, ಒಳಗೆ ಬರುವಾಗಿನ ಅರ್ಧಕ್ಕೆ ಸಣ್ಣ ರಿಯಾಯಿತಿ ಕೊಟ್ಟ ಮೇಲೆ ಒಪ್ಪಿದರು. 2024ರಲ್ಲಿ ಒಂದು ಸೈಟು ಮಾರಿ ಅಸಲಿಗೆ 1 ಕೋಟಿ ಕಟ್ಟಿದರು. ಉಳಿದದ್ದನ್ನು ಫ್ಲೋಟಿಂಗ್‌ನಲ್ಲೇ ಬಿಟ್ಟೆವು.

2025ರ ಫೆಬ್ರುವರಿಯಿಂದ ರೆಪೋ ಇಳಿಯತೊಡಗಿ ಡಿಸೆಂಬರಿನಲ್ಲಿ ಶೇ. 5.25ಕ್ಕೆ ಬಂದಿತು. ಗೌಡರ ದರ ಈಗ ಶೇ. 8.75, ಅಂದು ನಾನು ಕಾಗದದ ಮೇಲೆ ಬರೆದಿದ್ದ ಅದೇ ಅಂಕಿ. ಮೊನ್ನೆ ಅವರು ಆ ಹಳೆಯ ಕಾಗದವನ್ನು ತಂದು ಮೇಜಿನ ಮೇಲೆ ಹರಡಿ, ‘ಸ್ವಾಪಿಲ್ಲದನ ಅಲ್ಲಿಗೇ ಬಂದ್ವಲ್ರೀ ಸಾಹೇಬ್ರ’ ಎಂದು ನಕ್ಕರು. ನಾನು ಲೆಡ್ಜರ್ ತೆಗೆದು 2023ರ ಆಗಸ್ಟಿನ ಪುಟ ತೋರಿಸಿದೆ. ಆ ತಿಂಗಳು ಬಡ್ಡಿ 5 ಲಕ್ಷ. ಹೊರಗೆ ಹೋದ ಬಾಕ್ಸುಗಳು ಬೆರಳೆಣಿಕೆಯಷ್ಟು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದರು. ಅಂದು ಮನೆಯವರ ಪಾಟ್ಲಿ ಒತ್ತೆಯಿಟ್ಟು ಕಂತು ಕಟ್ಟಿದ್ದರಂತೆ. ಆ ಬಂಗಾರದ ಸಾಲದ ಬಡ್ಡಿಯನ್ನು ನನ್ನ ಕಾಗದದಲ್ಲಿ ನಾನು ಹಿಡಿದೇ ಇರಲಿಲ್ಲ.