ಸರಾಯೆವೊದಲ್ಲಿ ಬೆಳಗ್ಗೆ ಹತ್ತಕ್ಕೆ ಗಂಟೆ ನಾಲ್ಕು

ಅಕ್ಟೋಬರ್ ನಡುವಿನ ಒಂದು ದಿನ, ಬೋಸ್ನಿಯಾದ ಸರಾಯೆವೊ. ಹಳೇ ಪೇಟೆ ಬಾಶ್ಚಾರ್ಶಿಯಾದಲ್ಲಿ ನಿಂತಿದ್ದೆ. ನನ್ನ ಫೋನಿನಲ್ಲಿ ಬೆಳಗ್ಗೆ ಹತ್ತು ಗಂಟೆ. ಎದುರಿಗಿದ್ದ ಗೋಪುರದ ಗಡಿಯಾರದಲ್ಲಿ ನಾಲ್ಕು. ಗಡಿಯಾರವೇನೂ ಕೆಟ್ಟಿಲ್ಲ. ಅದರ ಲೆಕ್ಕದಲ್ಲಿ ಸೂರ್ಯ ಮುಳುಗಿದಾಗ ಹನ್ನೆರಡು, ಅಲ್ಲಿಂದ ಹೊಸ ದಿನ. ಹಿಂದಿನ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗಿದ್ದ, ಹಾಗಾಗಿ ನಾಲ್ಕೇ ಸರಿ. ನಮ್ಮ ಪಂಚಾಂಗದಲ್ಲಿ ದಿನ ಸೂರ್ಯೋದಯಕ್ಕೆ ಶುರುವಾಗುತ್ತದಲ್ವಾ, ಇಲ್ಲಿ ಸೂರ್ಯಾಸ್ತಕ್ಕೆ. ಸೂರ್ಯಾಸ್ತ ಸ್ವಲ್ಪಸ್ವಲ್ಪ ಆಚೀಚೆ ಆಗುತ್ತಲೇ ಇರುವುದರಿಂದ ಮುಳ್ಳು ತಿರುಗಿಸಿ ಸರಿ ಮಾಡುವುದಕ್ಕೆಂದೇ ಒಬ್ಬರಿರುತ್ತಾರೆ, ಮುವೆಕಿತ್ ಅಂತ. ಯಂತ್ರ ಮಾತ್ರ 1870ರ ದಶಕದಲ್ಲಿ ಲಂಡನ್ನಿಂದ ಬಂದದ್ದು.

ಗೋಪುರದ ಪಕ್ಕದಲ್ಲೇ ಗಾಜಿ ಹುಸ್ರೆವ್ ಬೇಗ್ ಮಸೀದಿ. ಈ ಬೇಗ್ ಆಟೊಮನ್ ತುರ್ಕರ ಸುಲ್ತಾನ್ ಎರಡನೇ ಬಯಜೀದನ ಮೊಮ್ಮಗ, ಮಗಳ ಮಗ. 1521ರಲ್ಲಿ ಬೋಸ್ನಿಯಾಕ್ಕೆ ಅಧಿಕಾರಿಯಾಗಿ ಬಂದವನು 1541ರಲ್ಲಿ ಸತ್ತ. ಮಸೀದಿ 1531ರದ್ದು. ಅಂಗಳದಲ್ಲಿ ಕಾರಂಜಿ, ದೊಡ್ಡ ಮರದ ನೆರಳು, ಒಂದು ಬದಿಗೆ ಅವನ ಗೋರಿ. 1697ರಲ್ಲಿ ಆಸ್ಟ್ರಿಯಾದ ಸೈನ್ಯ ನುಗ್ಗಿ ಊರನ್ನೇ ಸುಟ್ಟುಹಾಕಿತು. 1990ರ ದಶಕದ ಯುದ್ಧದಲ್ಲಿ ಮಸೀದಿಗೆ ಶೆಲ್ ಬಿದ್ದವು. ಯುದ್ಧ ಮುಗಿದ ಮೇಲೆ ರಿಪೇರಿ ಮಾಡಿದವರು ಒಳಗೋಡೆಗೆಲ್ಲ ಬಿಳಿ ಬಳಿದರು, ಬಣ್ಣದ ಚಿತ್ತಾರ ಮತ್ತೆ ಬಂದದ್ದು ಆಮೇಲೆ. ಒಳಗೆ ನಿಂತು ಆ ಬಳ್ಳಿ, ಹೂವುಗಳನ್ನು ನೋಡುವಾಗ, ಬರೀ ಬಿಳಿ ಗೋಡೆ ಯಾರಿಗಾದರೂ ಹೇಗೆ ಇಷ್ಟವಾಯಿತೋ ಅನ್ನಿಸಿತು.

ಆದರೆ ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟದ್ದು ಮಸೀದಿಯಲ್ಲ, ಅವನದೇ ಹೆಸರಿನ ಬೆಜಿಸ್ತಾನ್. ನಾಲ್ಕು ಮೆಟ್ಟಿಲು ಇಳಿದರೆ ಉದ್ದನೆಯ ಕಲ್ಲಿನ ಸುರಂಗದಂಥ ಪೇಟೆ. ಎರಡೂ ಕಡೆ ಗೂಡಂಗಡಿಗಳು, ಒಂದೊಂದೂ ಒಬ್ಬ ಮನುಷ್ಯ ಕೈಚಾಚಿದರೆ ಮುಗಿಯುವಷ್ಟೇ ಅಗಲ. ಮೊದಲು ಇಲ್ಲಿ ಬಟ್ಟೆ ವ್ಯಾಪಾರವಂತೆ. ಈಗ ಕೂಲಿಂಗ್ ಗ್ಲಾಸು, ಬ್ಯಾಗು, ಸ್ಕಾರ್ಫು. ಒಬ್ಬ ಅಜ್ಜ ಕನ್ನಡಕಗಳನ್ನು ಒಂದೊಂದಾಗಿ ಒರೆಸಿ ಮತ್ತೆ ಅಲ್ಲೇ ಸಿಗಿಸುತ್ತಿದ್ದ. ಗಿರಾಕಿ ಬಂದರೆ ಬರಲಿ ಎನ್ನುವ ಧಾಟಿ.

ಈ ಅಂಗಡಿಗಳು ಸುಮ್ನೆ ಕಟ್ಟಿದವಲ್ಲ. ಬೇಗ್ ಎಲ್ಲವನ್ನೂ ವಕ್ಫ್ ಮಾಡಿ ಬರೆದಿಟ್ಟ. ಅಂಗಡಿಯ ಬಾಡಿಗೆಯಲ್ಲಿ ಮಸೀದಿ ನಡೆಯಬೇಕು, ಮದರಸಾ ನಡೆಯಬೇಕು, ದಾರಿಹೋಕರಿಗೂ ಬಡವರಿಗೂ ಊಟ ಸಿಗಬೇಕು. ಸ್ನಾನದ ಮನೆ, ಸಾರ್ವಜನಿಕ ಶೌಚಾಲಯವೂ ಆ ಪಟ್ಟಿಯಲ್ಲಿದ್ದವು. ಗುಮ್ಮಟದ ಚೆಂದ ಕ್ಯಾಮೆರಾಕ್ಕೆ ಸಿಗುತ್ತದೆ. ಅದನ್ನು ನೂರಾರು ವರ್ಷ ನಿಲ್ಲಿಸಿದ ಈ ಬಾಡಿಗೆ ಲೆಕ್ಕ ಸಿಗುವುದಿಲ್ಲ.

ಮಧ್ಯಾಹ್ನ ಒಂದು ಅಂಗಡಿಯಲ್ಲಿ ಕ್ರೊಂಪಿರುಶಾ ತಿಂದೆ, ಆಲೂಗಡ್ಡೆ ತುಂಬಿದ ಪೇಸ್ಟ್ರಿ. ಸಸ್ಯಾಹಾರಿಗಳು ಇಲ್ಲಿ ಬುರೆಕ್ ಅಂತ ಕೇಳಬೇಡಿ, ಕೇಳಿದರೆ ಮಾಂಸದ್ದೇ ಬರುತ್ತದೆ.

ಅಲ್ಲಿಂದ ಫೆರ್ಹಾದಿಯಾ ಬೀದಿ. ಅದು ಶುರುವಾಗುವಲ್ಲಿ ನೆಲಕ್ಕೆ ಒಂದು ಗೆರೆ ಹಾಕಿದ್ದಾರೆ. ಈ ಕಡೆ ತಗ್ಗು ಮಾಡಿನ ಆಟೊಮನ್ ಪೇಟೆ, ಆ ಕಡೆ 1878ರಲ್ಲಿ ಬಂದ ಆಸ್ಟ್ರಿಯಾ-ಹಂಗೇರಿಯವರ ಎತ್ತರದ ಕಟ್ಟಡಗಳು. ಎಲ್ಲರೂ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಈ ಗೆರೆ ಅಷ್ಟೇನೂ ಹಿಡಿಸಲಿಲ್ಲ. ಆಚೆ ಕಡೆ ನಾಲ್ಕು ಹೆಜ್ಜೆ ಹೋದರೆ 16ನೇ ಶತಮಾನದ ಮಸೀದಿಯೊಂದು ಆಸ್ಟ್ರಿಯನ್ ಕಟ್ಟಡಗಳ ನಡುವೆ ಕೂತಿದೆ. ಈಚೆ ಕಡೆ ಹಳೇ ಪೇಟೆಯ ತುದಿಯಲ್ಲೇ ಆಸ್ಟ್ರಿಯನ್ನರ ವಿಯೆಚ್ನಿಟ್ಸಾ, ಅಂದಿನ ನಗರಸಭೆ, ನಿಂತಿದೆ. ಗೆರೆ ಪಾಡಿಗೆ ಗೆರೆ, ಊರಿನ ಪಾಡಿಗೆ ಊರು.

ವಿಯೆಚ್ನಿಟ್ಸಾ 1896ರಲ್ಲಿ ಮುಗಿಯಿತು. ಅಡ್ಡ ಪಟ್ಟೆಗಳ ಗೋಡೆ, ಕುದುರೆ ಲಾಳದ ಆಕಾರದ ಕಮಾನು, ಒಳಗೆ ಬಣ್ಣದ ಗಾಜಿನ ಛಾವಣಿ. ತಲೆಯೆತ್ತಿದರೆ ಕಣ್ಣು ಕೀಳೋಕಾಗಲ್ಲ. ಆದರೆ ಈ ಶೈಲಿಗೂ ಬೋಸ್ನಿಯಾಕ್ಕೂ ಸಂಬಂಧವೇ ಇಲ್ಲ. ಮಾದರಿ ತಂದದ್ದು ಕೈರೋದಿಂದ. ಮುಸ್ಲಿಮರ ಊರು ಅಂದರೆ ಹೀಗಿರಬೇಕು ಅಂತ ವಿಯೆನ್ನಾದವರು ಅಂದುಕೊಂಡಂತೆ ಕಟ್ಟಿದ ಹಾಗಿದೆ, ಐದು ನಿಮಿಷದ ದಾರಿಯಲ್ಲಿರುವ ಬೆಜಿಸ್ತಾನನ್ನು ಯಾರೂ ನೋಡಿಯೇ ಇಲ್ಲವೇನೋ ಎಂಬಂತೆ. ವಿಯೆಚ್ನಿಟ್ಸಾಕ್ಕೆ ಜಾಗ ಬೇಕಾದಾಗ ಒಬ್ಬ ಮನೆಯವನು ಏಳಲೇ ಇಲ್ಲವಂತೆ. ಕೊನೆಗೆ ಒಂದು ಚೀಲ ಚಿನ್ನದ ನಾಣ್ಯ ಕೊಡಿ, ನನ್ನ ಮನೆಯ ಇಟ್ಟಿಗೆ ಇಟ್ಟಿಗೆ ಬಿಚ್ಚಿ ಹೊಳೆಯಾಚೆ ಕಟ್ಟಿಕೊಡಿ ಅಂದನಂತೆ. ಮಿಲ್ಯಾಟ್ಸ್ಕಾ ಹೊಳೆಯ ಆಚೆ ದಡದಲ್ಲಿ ಆ ಮನೆ ಈಗ ಹೋಟೆಲ್. ಹೆಸರು ಇನಾತ್ ಕುಚಾ, ಹಠದ ಮನೆ.

1914ರ ಜೂನ್ 28ರಂದು ಆಸ್ಟ್ರಿಯಾ-ಹಂಗೇರಿಯ ಯುವರಾಜ, ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನಾಂಡ್, ವಿಯೆಚ್ನಿಟ್ಸಾದಲ್ಲಿ ಸನ್ಮಾನ ಮುಗಿಸಿ ಹೊರಟವನು ಹೊಳೆದಂಡೆಯಲ್ಲೇ ಗುಂಡಿಗೆ ಬಲಿಯಾದ. ಮುಂದೆ ಈ ಕಟ್ಟಡ ರಾಷ್ಟ್ರೀಯ ಗ್ರಂಥಾಲಯವಾಯಿತು. 1992ರ ಆಗಸ್ಟ್‌ನಲ್ಲಿ ಬೆಟ್ಟದ ಮೇಲಿನ ಸೆರ್ಬ್ ಪಡೆಗಳು ಬೆಂಕಿಯ ಶೆಲ್ ಹಾರಿಸಿದವು. ಲಕ್ಷಗಟ್ಟಲೆ ಪುಸ್ತಕ ಉರಿದುಹೋದವು. ಕಟ್ಟಡ ಮತ್ತೆ ತೆರೆದದ್ದು 2014ರಲ್ಲಿ. ಕಂಬಗಳು ಈಗ ಥಳಥಳ, ಕಪಾಟು ತುಂಬ ಪುಸ್ತಕ ಮಾತ್ರ ಇಲ್ಲ.

ಹುಸ್ರೆವ್ ಬೇಗ್ 1537ರಲ್ಲಿ ಮದರಸಾ ಕಟ್ಟಿಸುವಾಗ, ಖರ್ಚು ಕಳೆದು ಉಳಿದ ಹಣದಲ್ಲಿ ಪುಸ್ತಕ ಕೊಳ್ಳಿ ಅಂತ ಬರೆಸಿದ್ದ. ಹಾಗೆ ಹುಟ್ಟಿದ ಗ್ರಂಥಾಲಯದ ಹಸ್ತಪ್ರತಿಗಳನ್ನು 1990ರ ದಶಕದ ಯುದ್ಧದಲ್ಲಿ ಊರಿಗೆ ಮುತ್ತಿಗೆ ಹಾಕಿದ್ದ ವರ್ಷಗಳಲ್ಲಿ ಸಿಬ್ಬಂದಿ ಬಾಳೆಹಣ್ಣಿನ ರಟ್ಟಿನ ಡಬ್ಬಗಳಲ್ಲಿ ತುಂಬಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊತ್ತು ಸಾಗಿಸುತ್ತಲೇ ಇದ್ದರು. ಅವು ಉಳಿದವು. ಈಗ ಮಸೀದಿ ಹತ್ತಿರವೇ ಹೊಸ ಕಟ್ಟಡದಲ್ಲಿವೆ. ನಾನು ಹೋಗುವಷ್ಟರಲ್ಲಿ ಮುಚ್ಚುವ ಹೊತ್ತಾಗಿತ್ತು, ಅವಸರದಲ್ಲಿ ಒಂದು ಸುತ್ತು ನೋಡಿದೆ. ನೀವು ಹೋಗುವುದಾದರೆ ವಿಯೆಚ್ನಿಟ್ಸಾವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಗ್ಗೆ ಮೊದಲು ಇಲ್ಲಿಗೆ ಬನ್ನಿ.