ಪೆಲ್ವಿಕ್ ಫ್ಲೋರ್ ಥೆರಪಿ: ಒಳಗೆ ಏನು ಮಾಡ್ತಾರೆ?

ಸೀನಿದಾಗ, ಜೋರಾಗಿ ನಕ್ಕಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಸೋರುತ್ತದೆ ಅಂತ ಹೇಳಿದರೆ ನಮ್ಮ ಬೆಳಗಾವಿ ಕಡೆ ಹಿರಿಯರು ಹೇಳುವುದು ಒಂದೇ: "ಎರಡ ಹಡದೀ, ಇಷ್ಟ ಆಗೂದ ಬಿಡವಾ." ನಾನು ಇದನ್ನು ಒಪ್ಪುವುದಿಲ್ಲ. ತುಂಬಾ ಜನರಿಗೆ ಆಗುತ್ತದೆ, ನಿಜ. ಆದರೆ ಇದಕ್ಕೆ ಚಿಕಿತ್ಸೆ ಇದೆ, ಎಷ್ಟೋ ಜನರಿಗೆ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ಎರಡನೇ ಬಾಣಂತನ ಮುಗಿದ ಮೇಲೆ ನಾನು ಪೆಲ್ವಿಕ್ ಫ್ಲೋರ್ ಥೆರಪಿಗೆ ಅಂತ ಫಿಜಿಯೋಥೆರಪಿಸ್ಟ್ ಹತ್ತಿರ ಹೋದೆ.

ಕಿಬ್ಬೊಟ್ಟೆಯ ಕೆಳಗೆ ಮುಂದಿರುವ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ, ಸೀರೆಯಲ್ಲಿ ಕಟ್ಟಿದ ಜೋಲಿಯ ಹಾಗೆ, ಕೆಲವು ಸ್ನಾಯುಗಳಿವೆ, ಇವಕ್ಕೇ ಪೆಲ್ವಿಕ್ ಫ್ಲೋರ್ ಅನ್ನುವುದು. ಮೂತ್ರಚೀಲ, ಗರ್ಭಚೀಲ, ಮಲದ ದಾರಿ ಎಲ್ಲವನ್ನೂ ಕೆಳಗಿನಿಂದ ಹಿಡಿದಿರುವುದು ಇವೇ. ಹೆರಿಗೆ, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆ, ಭಾರ ಎತ್ತುವುದು, ಮುಟ್ಟು ನಿಂತ ಮೇಲಿನ ಬದಲಾವಣೆ, ಇವೆಲ್ಲ ಅವನ್ನು ಸಡಿಲ ಮಾಡಬಹುದು.

ಮೊದಲ ಭೇಟಿಯಲ್ಲಿ ಮಾತೇ ಜಾಸ್ತಿ. ಹೆರಿಗೆ ಹೇಗಾಯಿತು, ಹೊಲಿಗೆ ಬಿದ್ದಿತ್ತಾ, ಒಂದಕ್ಕೆ ಎಷ್ಟು ಸಲ ಹೋಗ್ತೀರಿ, ರಾತ್ರಿ ಏಳ್ತೀರಾ, ಗಂಡನ ಜೊತೆ ಸೇರುವಾಗ ನೋವಾಗುತ್ತದಾ ಅಂತೆಲ್ಲ ಕೇಳುತ್ತಾರೆ. ನಾಚಿಕೆಪಟ್ಟು ಮುಚ್ಚಿಡಬೇಡಿ, ಚಿಕಿತ್ಸೆ ಈ ಉತ್ತರಗಳ ಮೇಲೆಯೇ ನಿಂತಿದೆ. ಕುಡಿದ ನೀರು, ಚಹಾ, ಹೋದ ಮೂತ್ರ, ಸೋರಿದ್ದು, ಎಲ್ಲವನ್ನೂ 3 ದಿನ ಬರೆದಿಡಲು ಹೇಳಬಹುದು. ಆಮೇಲೆ ಉಸಿರಾಟ, ಹೊಟ್ಟೆ, ಸೊಂಟ ನೋಡುತ್ತಾರೆ.

ಎಲ್ಲರೂ ಹೆದರುವುದು ಒಳಗಿನ ಪರೀಕ್ಷೆಗೆ. ಗ್ಲೌಸ್ ಹಾಕಿದ ಬೆರಳಿನಿಂದ ಯೋನಿಯೊಳಗೆ ಸ್ನಾಯು ಎಷ್ಟು ಬಿಗಿ ಹಿಡಿಯುತ್ತದೆ, ಎಲ್ಲಿ ನೋವಿದೆ, ಬಿಟ್ಟಾಗ ಪೂರ್ತಿ ಸಡಿಲವಾಗುತ್ತದಾ ಅಂತ ನೋಡುತ್ತಾರೆ, ಮೇಲೆ ಬಟ್ಟೆ ಹೊದಿಸಿರುತ್ತಾರೆ, ಏನು ಮಾಡುತ್ತಿದ್ದೇವೆ ಅಂತ ಹೇಳಿ ನಿಮ್ಮನ್ನು ಕೇಳಿಯೇ ಮುಂದುವರಿಯಬೇಕು. ಬೇಡ ಅನ್ನುವ ಹಕ್ಕು ನಿಮಗಿದೆ, ನಡುವೆ ನಿಲ್ಲಿಸಿ ಅನ್ನಬಹುದು, ಅಕ್ಕನನ್ನೋ ವೈನಿಯನ್ನೋ ಜೊತೆಗೆ ಕೂರಿಸಿಕೊಳ್ಳಬಹುದು. ಈ ಪರೀಕ್ಷೆ ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ, ಹೊರಗಿನಿಂದ ನೋಡಿಯೂ ಶುರು ಮಾಡಬಹುದು.

ವಿಡಿಯೋ ನೋಡಿ ಸುಮ್ನೆ ಕೆಗೆಲ್, ಅಂದರೆ ಈ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ, ಶುರು ಮಾಡುವವರಿಗೆ ಒಂದು ಮಾತು. ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದ ಆ ವ್ಯಾಯಾಮ ಒಳ್ಳೆಯದೇ, ಆದರೆ ಎಲ್ಲರಿಗೂ ಅಲ್ಲ. ಕೆಲವರಲ್ಲಿ ಸ್ನಾಯು ಸಡಿಲವಾಗಿರುವುದಿಲ್ಲ, ಉಲ್ಟಾ ಸದಾ ಬಿಗಿದುಕೊಂಡಿರುತ್ತದೆ. ಅವರು ಇನ್ನೂ ಬಿಗಿದರೆ ನೋವು ಜಾಸ್ತಿಯಾಗಬಹುದು. ಅವರಿಗೆ ಬೇಕಿರುವುದು ಹೊಟ್ಟೆಯಿಂದ ಉಸಿರಾಡಿ ಸಡಿಲ ಬಿಡುವುದನ್ನು ಕಲಿಯುವುದು. ನಿಮ್ಮದು ಯಾವುದು ಅಂತ ಪರೀಕ್ಷೆಯಿಂದಲೇ ಗೊತ್ತಾಗಬೇಕು.

ಸ್ನಾಯು ಸಡಿಲವಾದವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 8 ಬಾರಿಯಾದರೂ ಬಿಗಿ ಹಿಡಿದು ಬಿಡುವುದು, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ವಾರದಲ್ಲಿ ಫಲ ಕಾಣಲಿಲ್ಲ ಅಂತ ಬಿಡಬೇಡಿ. ಉಸಿರು ಕಟ್ಟಬೇಡಿ, ಪೃಷ್ಠ ಬಿಗಿಯಬೇಡಿ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದಂತೂ ಬೇಡವೇ ಬೇಡ. ನನಗೆ ಬೇಗ ಉಪಯೋಗಕ್ಕೆ ಬಂದಿದ್ದು, ಕೆಮ್ಮು ಅಥವಾ ಸೀನು ಬರುವ ಕ್ಷಣ ಮೊದಲು ಬಿಗಿ ಹಿಡಿಯುವುದು.

ಸವದತ್ತಿ ಯಲ್ಲಮ್ಮನ ಜಾತ್ರೆಗೆ ಬಸ್ಸಲ್ಲಿ ಹೋಗಬೇಕು ಅಂತ ಬೆಳಗ್ಗೆಯಿಂದ ನೀರೇ ಮುಟ್ಟದ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ? ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಚೀಲಕ್ಕೆ ಉರಿ, ಮೇಲೆ ಮಲಬದ್ಧತೆ. ಚಹಾ ಕಡಿಮೆ ಮಾಡಿ, ನೀರನ್ನಲ್ಲ.

ಮೂತ್ರದಲ್ಲಿ ರಕ್ತ, ಜ್ವರದ ಜೊತೆ ಉರಿ, ಅಥವಾ ಕೆಳಗೆ ಗಂಟು ಜಾರಿ ಬಂದ ಹಾಗೆ ಅನಿಸಿದರೆ ಮೊದಲು ಡಾಕ್ಟರ್‌ಗೆ ತೋರಿಸಿ. ಗಂಡಸರಿಗೂ ಈ ಥೆರಪಿ ಇದೆ, ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಸೋರುವವರು ಕೇಳಿ ನೋಡಿ. ದೊಡ್ಡ ಆಸ್ಪತ್ರೆಗಳ ಫಿಜಿಯೋಥೆರಪಿ ವಿಭಾಗಕ್ಕೆ ಫೋನ್ ಮಾಡಿ, ಈ ಕೆಲಸ ಕಲಿತವರು ಇದ್ದಾರಾ, ಅದರಲ್ಲಿ ಹೆಂಗಸರು ಇದ್ದಾರಾ ಅಂತ ಮೊದಲೇ ವಿಚಾರಿಸಿ, ಸಡಿಲವಾದ ಚೂಡಿದಾರ್ ಹಾಕಿಕೊಂಡು ಹೋಗಿ.